ಆಪರೇಷನ್ನಿಗೆ ಇಟ್ಟ ಮುಹೂರ್ತ

ಗೆಳತಿಯರೇ, ಇವತ್ತು ಎರ್ನಾಕುಳಂನಲ್ಲಿ ತಂಗಿ ಸರೋಜಳಿಗೆ ಎರಡನೆಯ ಹೆರಿಗೆ. ಮೊದಲನೆಯದು ತಿರುವನಂತಪುರದಲ್ಲಿ ಹೊಟ್ಟೆ ಕೊಯ್ದು ಆದದ್ದು. ಈ ಸಲವೂ ಹಾಗೆಯೇ ಆಗಲೆಂದು ಅಮ್ಮ ಕಾಸರಗೋಡಿನ ಜೋಯಿಸರಿಂದ ಮಧ್ಯಾಹ್ನದ ಮುಹೂರ್ತ ಇಡಿಸಿದ್ದರು. ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾನೂ ಒಪ್ಪಿದ್ದೆ. ಹಳೆಯ ಹೊಲಿಗೆ ಬಿರಿದೀತೆಂಬ ಹೆದರಿಕೆಗೋ, ಮುಹೂರ್ತಕ್ಕೋ, ನನಗೇ ತಿಳಿಯದು.

ಬೆಳಿಗ್ಗೆಯೇ ನೋವು ಶುರುವಾಯಿತು. "ಹೊಲಿಗೆ ಗಟ್ಟಿಯಿದೆ, ತಾನಾಗಿಯೇ ಹೆರಿಗೆಯಾಗಲೆಂದು ಕಾಯಬಹುದು. ಬೇಡವೆಂದರೆ ಈಗಲೇ ಕೊಯ್ಯುತ್ತೇನೆ," ಎಂದರು ಡಾಕ್ಟರಮ್ಮ. ಅಮ್ಮನೂ ನಾನೂ ಒಟ್ಟಿಗೆ ಬಾಯಿ ತೆರೆದೆವು. "ನಾನು ಕೇಳಿದ್ದು ಮಲಗಿರುವವಳನ್ನು," ಎಂದರು.

ಸರೋಜ, "ಕಾಯುವ, ಡಾಕ್ಟ್ರೇ. ಇವರಿಬ್ಬರನ್ನು ಸ್ವಲ್ಪ ಹೊರಗೆ ಕೂರಿಸಿ," ಎಂದಳು.

ಹನ್ನೊಂದು ಗಂಟೆಗೆ ಹೆಣ್ಣುಮಗು ತಾನಾಗಿಯೇ ಹುಟ್ಟಿತು. ಇಬ್ಬರೂ ಕ್ಷೇಮ. "ಶುಕ್ರವಾರ ಹನ್ನೊಂದು ಗಂಟೆಯೆಂದರೆ ರಾಹುಕಾಲವಲ್ಲವೇ ಅಮ್ಮ?" ಎಂದೆ.

ಅಮ್ಮ ಮಗುವಿನಿಂದ ಕಣ್ಣು ತೆಗೆಯಲಿಲ್ಲ. "ರಾಹುಕಾಲ ನೋಡುವುದು ಕತ್ತಿಗೆ ಮಾರಾಯ್ತಿ, ಮಗುವಿಗಲ್ಲ."