ಸಾಲಿಗೊಂದು ಅಂಗಿ

ಮೊನ್ನೆ ಆಫೀಸಿಗೆ ತಡವಾಗಿ, ಒದ್ದೆ ಕಾಲರಿನ ಮೇಲೇ ಇಸ್ತ್ರಿಪೆಟ್ಟಿಗೆ ಒತ್ತಿದೆ. ಚುಸ್ಸೆಂದು ಹಬೆ ಎದ್ದಿತು. ಆ ಬಿಸಿ ಹತ್ತಿಬಟ್ಟೆಯ ವಾಸನೆಗೆ ನಿಗಡಿಯ ನಮ್ಮ ಹೌಸಿಂಗ್ ಸೊಸೈಟಿ ಗೇಟಿನ ಪಕ್ಕದ ತಗಡಿನ ಅಂಗಡಿ ಕಣ್ಮುಂದೆ ಬಂತು, ಅದರೊಳಗೆ ಇಸ್ತ್ರಿ ಕಾಕಾ...

ಕಾಕಾ ಕಲಬುರಗಿ ಕಡೆಯವರು. ನಾನು ಹುಟ್ಟಿದ್ದೇ ಮರಾಠಿ ಸೀಮೆಯ ನಿಗಡಿಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡ ಅಕ್ಷರವನ್ನು ಅಪ್ಪ ಕಲಿಸಿದ್ದರು, ಬಸ್ಸಿನ ಬೋರ್ಡು ಓದುವಷ್ಟು. ನನ್ನ ನಿಜವಾದ ವಿದ್ಯೆ ಮಿಮಿಕ್ರಿ. ಸೊಸೈಟಿಯ ಸೆಕ್ರೆಟರಿ, ಹಾಲಿನವ, ನನ್ನ ಸ್ವಂತ ಅಜ್ಜಿ, ಯಾರನ್ನೂ ಬಿಟ್ಟವನಲ್ಲ. ಕಾಕಾರ ಅಂಗಡಿಯೇ ನನ್ನ ರಂಗಮಂದಿರ.

ವಾಕಡಕ್ಕೆ ಮನೆ ಬದಲಿಸಿದ ಗಿರಾಕಿಯೊಬ್ಬರು ಅವರಿಗೆ ಒಂದು ತೆಳು ಕನ್ನಡ ಕವನ ಸಂಕಲನ ಕೊಟ್ಟು ಹೋಗಿದ್ದರು. ಸಕ್ಕರೆ ಕಾಯಿಲೆಯಿಂದ ಕಾಕಾರ ಕಣ್ಣು ಮಂಜಾಗಿತ್ತು. ಒಂದು ದಿನ ಅದನ್ನು ನನ್ನ ಮುಂದಿಟ್ಟು, “ಎಲ್ಲಾರ ಚ್ಯಾಷ್ಟಿ ಮಾಡ್ತಿ. ಇದನ್ನಷ್ಟು ಓದಿ ಹೇಳಪಾ,” ಅಂದರು.

ಹಿಂಬದಿಯಲ್ಲಿ ಕವಿಯ ಫೋಟೋ. ಜೀನ್ಸ್ ಹಾಕಿದ ಹೆಣ್ಣುಮಗಳು. “ಕಾಕಾ, ಇವರು ಇನ್ನೂ ಅದಾರ?” ಎಂದು ಕೇಳಿದೆ. ನನ್ನ ಲೆಕ್ಕದಲ್ಲಿ ಕವಿಗಳೆಂದರೆ ಹಾರ ಹಾಕಿದ ಫೋಟೋದವರು.

ಮೊದಲ ಪದ್ಯವನ್ನು ಟಿವಿ ವಾರ್ತೆಯವರ ಧಾಟಿಯಲ್ಲಿ ಒಂದೇ ಉಸಿರಿಗೆ ಮುಗಿಸಿದೆ. ಪ್ರಾಸವಿಲ್ಲ, ಒಂದು ಸಾಲಿಗೂ ಮುಂದಿನದಕ್ಕೂ ಸಂಬಂಧವಿಲ್ಲ. “ಏನೂ ತಿಳೀಲಿಲ್ರಿ,” ಎಂದೆ.

“ಬಟ್ಟಿ ತಂದ ಕೂಡ್ಲೆ ಇಸ್ತ್ರಿ ತಿಕ್ಕತಾರೇನು? ನೀರ ಚಿಮುಕಿಸಿ ತುಸು ಬಿಡಬೇಕು. ಒಂದು ಸಾಲ ಓದು, ಸುಮ್ಕ ಕೂಡು. ನಾ ಒಂದು ಅಂಗಿ ಮುಗಸ್ತೀನಿ. ಆಮ್ಯಾಲ ಮುಂದಿಂದು.”

ಹಾಗೆ ಶುರುವಾಯಿತು. ದಿನಾ ಕಾಲೇಜು ಮುಗಿಸಿ ಬಂದು ಒಂದು ಸಾಲು, ಒಂದು ಅಂಗಿ. ಕಾಲರು, ತೋಳು, ಬೆನ್ನು ಮುಗಿಯುವಷ್ಟರಲ್ಲಿ ಆ ಸಾಲು ತಲೆಯಲ್ಲೆಲ್ಲೋ ಮೆತ್ತಗಾಗುತ್ತಿತ್ತು. ಯಾರದಾದರೂ ರೇಷ್ಮೆ ಸೀರೆ ಬಂದ ದಿನ ನನ್ನ ಪಾಡು ಕೇಳಬೇಡಿ. ಮುಂದಿನ ಸಾಲಿಗೆ ಅರ್ಧ ಗಂಟೆ. “ಝಾಲಂ ಕಾ ಕಾಕಾ?”, ಆಯಿತೇ ಎಂದು ಗಿರಾಕಿ ಅವಸರಿಸಿದರೆ, “ಥಾಂಬಾ, ಕವಿತಾ ಚಾಲೂ ಆಹೇ,” ಎಂದು ಅವರನ್ನೇ ಕಾಯಿಸುತ್ತಿದ್ದರು.

ನಾನು ಪದ್ಯಕ್ಕೊಬ್ಬರ ಧ್ವನಿ ಹಾಕುತ್ತಿದ್ದೆ. ಒಮ್ಮೆ ಕಾಕಾ ನಕ್ಕು ನಕ್ಕು ಸಾಕಾಗಿ, “ಊರ ಮಂದಿದೆಲ್ಲಾ ಕೇಳಿದೆ. ನಿನ್ನ ದನಿ ಹ್ಯಾಂಗದ ತಮ್ಮಾ?” ಅಂದರು. ಗಂಟಲು ಸರಿಮಾಡಿಕೊಂಡು ಓದಿದೆ. ಎಡವುವ, ಸಣಕಲು ದನಿ, ನನಗೇ ನಾಚಿಕೆ. ಕಾಕಾ ಇಸ್ತ್ರಿ ನಿಲ್ಲಿಸಿ ಕೇಳಿಸಿಕೊಂಡರು.

ಕೊನೆಯ ಪದ್ಯವೊಂದು ಉಳಿದಿತ್ತು. “ಇವತ್ತ ಮುಗಿಸಿಬಿಡೋಣು,” ಅಂದರು. ನನಗೆ ಗೆಳೆಯರೊಡನೆ ಮ್ಯಾಚ್ ನೋಡುವುದಿತ್ತು. ಅವರದೇ ದನಿ ತೆಗೆದು, “ನೀರ ಚಿಮುಕಿಸಿ ತುಸು ಬಿಡ್ರಿ ಕಾಕಾ, ನಾಳಿ ಬರ್ತೀನಿ,” ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಭಾಷೆ ತಿಳಿಯದ ಗಿರಾಕಿಗಳೂ ದನಿ ಗುರುತು ಹಿಡಿದು ನಕ್ಕರು. ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕರು...

ಮರುದಿನ ಅಂಗಡಿ ತೆರೆಯಲಿಲ್ಲ. ಎದೆನೋವೆಂದು ಆಸ್ಪತ್ರೆಗೆ ಒಯ್ದಿದ್ದರಂತೆ. ಮೂರನೇ ದಿನ ಹೋಗಿಬಿಟ್ಟರು.

ಈಗ ನನ್ನ ಕಪಾಟಿನಲ್ಲಿ ಅಂಥ ತೆಳು ಪುಸ್ತಕಗಳು ಒಂದು ಸಾಲು ತುಂಬಿವೆ. ಆ ಒಂದು ಪದ್ಯ ತೆರೆಯಲು ಮಾತ್ರ ಇಷ್ಟು ವರ್ಷ ಬೇಕಾಯಿತು. ನಿನ್ನೆ ಓದಿದೆ. ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಮಗುವಿನ ಒಂದು ಚಪ್ಪಲಿ ಹುಡುಕುತ್ತಾಳೆ, ಅಷ್ಟೇ. ಕಡೆಯ ಎರಡು ಸಾಲು ನನಗೆ ತಿಳಿಯಲಿಲ್ಲ. ಕಾಕಾರಿಗೂ ತಿಳಿಯುತ್ತಿರಲಿಲ್ಲವೇನೋ. ಇಬ್ಬರೂ ತಿಳಿಯದೆ, ಒಂದಷ್ಟು ಹೊತ್ತು ಜೊತೆಗೆ ಕೂತಿರಬಹುದಿತ್ತು.