ಸಂಗವ್ವನ ಮನೆಗೆ ಬಂದ ಮತಪೆಟ್ಟಿಗೆ

2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಾನು ದಿನಪತ್ರಿಕೆಯೊಂದರ ಬಾಗಲಕೋಟೆ ಜಿಲ್ಲಾ ವರದಿಗಾರನಾಗಿದ್ದೆ. ವಿದ್ಯಾಗಿರಿಯ ಬಾಡಿಗೆ ಕೋಣೆಯೇ ಕಚೇರಿ. ಬಾದಾಮಿಯಿಂದ ಇಳಕಲ್‌ವರೆಗೆ ಎಲ್ಲ ಕಡೆಗೂ ನಾನೊಬ್ಬನೇ ತಿರುಗಬೇಕಿತ್ತು. ಆ ಬಿಸಿಲಿಗೆ ನನ್ನ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆ ಸಲ ಎಂಬತ್ತೈದು ದಾಟಿದವರು ಮನೆಯಿಂದಲೇ ಮತ ಹಾಕಬಹುದಿತ್ತು. 12ಡಿ ಎಂಬ ನಮೂನೆ ತುಂಬಿಕೊಟ್ಟರೆ ಚುನಾವಣಾ ಸಿಬ್ಬಂದಿ ಮತಪತ್ರ, ಪೆಟ್ಟಿಗೆ ಹಿಡಿದು ಮನೆಗೇ ಬರುತ್ತಾರೆ. ಆದರೆ ಅರ್ಜಿ ಮಂಜೂರಾದ ಮೇಲೆ ಮತಗಟ್ಟೆಗೆ ಹೋಗುವಂತಿಲ್ಲ. ಸಿಬ್ಬಂದಿ ಎರಡು ಸಲ ಬರುತ್ತಾರೆ. ಎರಡೂ ಸಲ ತಪ್ಪಿದರೆ ಮತ ಹೋದಂತೆಯೇ.

ಇಳಕಲ್‌ನ ಹಿರಿಯರಿಗೆ ಅಂಚೆಯಲ್ಲಿ ಪ್ರಚಾರದ ಕಾರ್ಡುಗಳು ಬಂದವು. ನೋಡಲು ಸರ್ಕಾರಿ ಕಾಗದದಂತೆಯೇ ಇದ್ದು, ಮೂಲೆಯಲ್ಲಿ ಸಣ್ಣಗೆ ಪಕ್ಷದ ಹೆಸರಿತ್ತು. ‘ನಮೂನೆಯನ್ನು ನಮ್ಮ ಕಾರ್ಯಕರ್ತರ ಕೈಗೆ ಕೊಡಿ’ ಎಂದು ಬರೆದಿತ್ತು. ಅದನ್ನು ಪಡೆಯಬೇಕಾದವರು ಮತಗಟ್ಟೆ ಮಟ್ಟದ ಅಧಿಕಾರಿಗಳು, ಕಾರ್ಯಕರ್ತರಲ್ಲ. ಎದುರಾಳಿ ಪಕ್ಷವೂ ಅಂಥದ್ದೇ ಕಾರ್ಡು ಕಳಿಸಿತ್ತು. ಮನೆ ಭೇಟಿ ಶುರುವಾಗುವ ಹೊತ್ತಿಗೆ ನಾನು ಎರಡರ ಬಗ್ಗೆಯೂ ಬರೆದೆ. ನಿಜವಾದ ಸರ್ಕಾರಿ ತಂಡ ಬಂದರೆ ಗುರುತಿನ ಚೀಟಿ ನೋಡಿ ಬಾಗಿಲು ತೆರೆಯಿರಿ ಎಂದು ಕೊನೆಗೆ ಸೇರಿಸಿದೆ.

ಮರುದಿನದ ಪತ್ರಿಕೆಯಲ್ಲಿ ಒಂದೇ ಪಕ್ಷದ ಕಾರ್ಡಿನ ಸುದ್ದಿಯಿತ್ತು. ಇನ್ನೊಂದು ಪಕ್ಷದ ಜಾಹೀರಾತು ಮುಖಪುಟದ ತುಂಬ ರಾರಾಜಿಸುತ್ತಿತ್ತು. ನನ್ನ ಕೊನೆಯ ಪ್ಯಾರಾ ಮಾಯವಾಗಿತ್ತು. ‘ಮನೆ ಮತದಾನ: ಬಾಗಿಲು ತೆರೆದೀರಿ ಜೋಕೆ!’ ಎಂಬ ತಲೆಬರಹದ ಕೆಳಗೆ ನನ್ನ ಹೆಸರು. ಸುದ್ದಿ ತಿದ್ದುವ ಡೆಸ್ಕಿಗೆ ಫೋನ್ ಮಾಡಿ ಕೂಗಾಡಿದೆ. “ಜಾಗ ಸಾಲಲಿಲ್ಲ” ಎಂದರು. ತಿದ್ದುಪಡಿ ಕೇಳಿದರೆ “ಎಲೆಕ್ಷನ್ ಮುಗೀಲಿ, ನೋಡೋಣ” ಎಂದರು. ಮೈಯೆಲ್ಲ ಉರಿದುಹೋಯಿತು.

ಸಂಜೆ ಮಹಾದೇವಿಯ ಫೋನು ಬಂತು. ಇಳಕಲ್‌ನ ಸೀರೆ ನೇಯುವ ಓಣಿಯವಳು, ಕಾರ್ಡಿನ ಸುದ್ದಿಗೆಂದು ಹೋದಾಗ ನನ್ನ ನಂಬರ್ ಪಡೆದಿದ್ದಳು. ಅವಳ ಅತ್ತೆ ಸಂಗವ್ವ ಹಾಸಿಗೆ ಹಿಡಿದ ಅಜ್ಜಿ, ಮನೆ ಮತದಾನದ ಅರ್ಜಿ ಮಂಜೂರಾಗಿತ್ತು. ಆ ಓಣಿಯಲ್ಲಿ ಚಹಾದ ಹೊತ್ತಿಗೆ ಮಗ್ಗ ನಿಲ್ಲಿಸಿ ಒಬ್ಬರು ಪೇಪರ್ ಜೋರಾಗಿ ಓದುತ್ತಾರೆ, ಉಳಿದವರೆಲ್ಲ ಕೇಳುತ್ತಾರೆ.

“ಸರ, ನೀವು ಬರದಿದ್ದು ಚಲೋ ಆತ್ರಿ. ಇವತ್ತ ನಾಕ ಮಂದಿ ಪೆಟಗಿ ಹಿಡ್ಕೊಂಡು ಬಂದಿದ್ರು. ಯಾರ ಮನ್ಯಾಗೂ ಬಾಗಲಾ ತಗೀಲಿಲ್ರಿ, ಓಡಿಸಿಬಿಟ್ಟೇವಿ!”

ಅವರು ಓಡಿಸಿದ್ದು ಸರ್ಕಾರಿ ತಂಡವನ್ನು. ಎರಡನೆಯ, ಕೊನೆಯ ಭೇಟಿ ಮರುದಿನವೇ ಇತ್ತು. ಫೋನಿನಲ್ಲಿ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಯಾರೋ ನನ್ನನ್ನು ಹೆದರಿಸಿ ಹೀಗೆ ಹೇಳಿಸುತ್ತಿದ್ದಾರೆಂದು ಫೋನ್ ಇಟ್ಟಳು.

ಬೆಳಗಿನ ಮೊದಲ ಬಸ್ಸು ಹಿಡಿದೆ. ನಾನು ಹೋಗುವಷ್ಟರಲ್ಲಿ ತಂಡ ಸಂಗವ್ವನ ಮನೆ ಮುಂದೆ ನಿಂತಿತ್ತು. ಜೊತೆಗೆ ಎರಡೂ ಪಕ್ಷಗಳ ಏಜೆಂಟರು, ಅವರ ಕೈಯಲ್ಲಿ ಮೊಬೈಲು. ತಂಡದ ಅಧಿಕಾರಿಣಿ ಗುರುತಿನ ಚೀಟಿ ತೋರಿಸಿ ಬೇಡಿಕೊಂಡರೂ ಬಾಗಿಲು ತೆರೆಯಲಿಲ್ಲ. ಮಹಾದೇವಿ ಕಿಟಕಿಯಿಂದ ನನ್ನ ಗುರುತು ಹಿಡಿದಳು. ಒಳಗಿನಿಂದ ಸಂಗವ್ವನ ದನಿ ಬಂತು.

“ಪೇಪರನ್ಯಾವ ಬಂದಾನೇನು? ಏನ್ ಹೇಳ್ತಾನ ಕೇಳು.”

ಏಜೆಂಟನೊಬ್ಬ ಮೊಬೈಲನ್ನು ನನ್ನ ಮುಖಕ್ಕೇ ಹಿಡಿದ. ನಾನಾಡುವ ಮಾತು ಸಂಜೆಯೊಳಗೆ ಸಂಪಾದಕರ ಕಿವಿಗೆ ಬೀಳುತ್ತದೆಂದು ಗೊತ್ತಿತ್ತು. ಭಯವಾಯಿತು, ಸುಳ್ಳೇಕೆ ಹೇಳಲಿ?

“ಅವ್ವಾ, ಪೇಪರಿನಾಗ ಅರ್ಧಾ ಸುದ್ದಿ ಬಂದೈತಿ. ಎರಡೂ ಪಾರ್ಟಿಯವ್ರು ಕಾರ್ಡ್ ಕಳಿಸ್ಯಾರ. ಇವ್ರು ಮಾತ್ರ ಖರೇನ ಸರಕಾರದವ್ರು. ಇವತ್ತ ಬಿಟ್ರ ನಿಮ್ಮ ವೋಟ್ ಹೋಗ್ತೈತಿ.”

“ಅರ್ಧಾ ಯಾಕ ಬರದಿ?”

“ನಾ ಪೂರಾ ಬರದಿದ್ನಿ. ನಮ್ಮವ್ರು ಅರ್ಧಾ ಹಾಕ್ಯಾರ.”

ಆಮೇಲೆ ಅಜ್ಜಿ, “ಮಹಾದೇವಿ, ಬಾಗಲಾ ತಗಿ” ಎಂದಳು.

ಮಂಚದ ಬಳಿ ರಟ್ಟಿನ ಮರೆ ನಿಲ್ಲಿಸಿ ಎಲ್ಲರೂ ಹೊರಬಂದೆವು. ಸಂಗವ್ವ ಮತ ಹಾಕಿದಳು. ಉಳಿದ ಬಾಗಿಲುಗಳೂ ಒಂದೊಂದಾಗಿ ತೆರೆದವು, ಒಂದನ್ನು ಬಿಟ್ಟು. ಆ ಮನೆಯ ಅಜ್ಜನನ್ನು ಸುದ್ದಿಗೆ ಹೆದರಿ ಮಕ್ಕಳು ಕೆರೂರಿನ ಮಗಳ ಮನೆಗೆ ಸಾಗಿಸಿದ್ದರು. ಅವನ ಮತ ಹೋಯಿತು.

ವಿಡಿಯೋ ಎಲ್ಲೆಡೆ ಹರಿದಾಡಿತು. ಚುನಾವಣಾ ವರದಿಯಿಂದ ನನ್ನನ್ನು ಕೈಬಿಟ್ಟರು. ತಾವು ನಿವೃತ್ತರಾಗುವವರೆಗೂ ಸಂಪಾದಕರು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಅದರ ಬೇಸರ ಈಗಿಲ್ಲ.

ಸುಳ್ಳು ಬರೆಯದಿದ್ದರೆ ವರದಿಗಾರನ ಕೆಲಸ ಮುಗಿಯಿತೆಂದು ನಾನು ಬಹಳ ಕಾಲ ನಂಬಿದ್ದೆ. ಅಂದು ಅಚ್ಚಾದ ಸುದ್ದಿಯನ್ನು ಮತ್ತೆ ಮತ್ತೆ ಓದಿದ್ದೇನೆ. ಅದರಲ್ಲಿ ಒಂದೂ ಸುಳ್ಳು ವಾಕ್ಯವಿಲ್ಲ. ಆ ಅಜ್ಜನ ಮತ ಹೋದದ್ದು ನಿಜ ಸುದ್ದಿಯಿಂದಲೇ.