ನೊರೆಮಾವ

ಗ್ಯಾಸಿನಲ್ಲಿ ಓಡುವ ಕಾರುಗಳ ಸೋರಿಕೆ ಹುಡುಕಿ ಸರಿಮಾಡುವ ಆ ಮೆಕ್ಯಾನಿಕ್ಕನನ್ನು ಟ್ಯಾಕ್ಸಿಯವರೆಲ್ಲ ನೊರೆಮಾವ ಎಂದೇ ಕರೆಯುತ್ತಾರೆ. ಸೋಪುನೀರಿನ ಡಬ್ಬಿ, ಗಡ್ಡ ಹೆರೆಯುವ ಬ್ರಷ್ಷು ಇಲ್ಲದೆ ಅವನನ್ನು ಕಂಡವರಿಲ್ಲ. ತನ್ನ ಮದುವೆಗೂ ಅವನ್ನು ಹಿಡಿದೇ ಬಂದಿದ್ದನೆಂದು ಆಣೆಯಿಟ್ಟು ಹೇಳುವವರಿದ್ದಾರೆ. ಕಾರು ಬಂದೊಡನೆ, "ಫೋನು, ಸಿಗರೇಟು, ಸಿಟ್ಟು, ಎಲ್ಲಾ ಗೇಟಿನಾಚೆ ಇಟ್ಟು ಬನ್ನಿ" ಎನ್ನುತ್ತಾನೆ. "ಈಗ ವಾಸನೆ ಬರ್ತಿಲ್ಲ" ಎಂದವರಿಗೆ, "ನಿಮ್ಮ ಮೂಗಿಗೆ ರೂಢಿಯಾಗಿದೆ, ಅಷ್ಟೇ" ಎಂಬ ಉತ್ತರ ಸಿದ್ಧವಿರುತ್ತದೆ. ಆಮೇಲೆ ಪೈಪಿನ ಸಂದುಸಂದಿಗೂ ನೊರೆ ಬಳಿದು, ಉಸಿರು ಬಿಗಿಹಿಡಿದು ಕಾಯುತ್ತಾನೆ. ಸೋರುವ ಕಡೆ ಸಾಸಿವೆಯಷ್ಟು ಗುಳ್ಳೆ ಎದ್ದರೂ ಅವನ ಕಣ್ಣಿನಿಂದ ತಪ್ಪಿಸಿಕೊಳ್ಳಲಾರದು. ಒಮ್ಮೆ, ಗ್ಯಾಸು ನಾರುವ ಈ ಕಾರನ್ನು ಕೂಸನ್ನೆತ್ತಿಕೊಂಡು ಹತ್ತುವುದಿಲ್ಲ ಎಂದು ತನ್ನ ಸೊಸೆ ಹಟ ಹಿಡಿದದ್ದಕ್ಕೆ ಗೊಣಗುತ್ತಲೇ ಬಂದಿದ್ದ ಮುದಿ ಡ್ರೈವರೊಬ್ಬ, ಡಿಕ್ಕಿಯೊಳಗಿನ ಟ್ಯಾಂಕಿನ ಬಾಯಲ್ಲಿ ಗುಳ್ಳೆಗಳು ಸಾಲುಗಟ್ಟಿ ಏಳುವುದನ್ನು ಕಂಡು ತಣ್ಣಗಾದ. "ಸ್ವಲ್ಪ ಬಿಗಿ ಮಾಡಿಕೊಡಪ್ಪ, ಸಾಕು" ಎಂದ. "ಬಿಗಿದ್ರೆ ಒಳಗಿನ ಉಂಗುರ ಸೀಳಿಹೋಗುತ್ತೆ" ಎಂದ ನೊರೆಮಾವ, ಸವೆದ ಉಂಗುರವನ್ನೂ ಪೈಪನ್ನೂ ಬದಲಿಸಿ ಮತ್ತೆ ನೊರೆ ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಡ್ರೈವರು ಹೊರಡಲು ಅಣಿಯಾದರೆ, ಈ ಆಸಾಮಿ ಕಿಟಕಿಗಳನ್ನೆಲ್ಲ ಮುಚ್ಚಿ, ಒಂದು ಬಾಗಿಲು ಮಾತ್ರ ಓರೆಯಾಗಿಟ್ಟು, ಉದ್ದನೆಯ ಮೈಯನ್ನು ಹಿಂದಿನ ಸೀಟಿನಲ್ಲಿ ಮುದುಡಿಕೊಂಡು ಮಲಗಿಯೇಬಿಟ್ಟ. "ನಿದ್ದೆನಾ ಮಾರಾಯ?" ಎಂದ ಡ್ರೈವರು. "ಕೂಸು ಮಲಗೋದು ಇಲ್ಲೇ ಅಲ್ವಾ? ಗ್ಯಾಸು ತಗ್ಗಿಗೇ ಇಳಿಯೋದು. ನಿಮಗೆ ವಾಸನೆ ಬಂದ್ರೆ ನನ್ನನ್ನ ಬೈತೀರಿ. ಆ ಕೂಸಿಗೆ ಹೇಳೋಕೆ ಬರಲ್ಲ." ಬಾಗಿಲು ಮುಚ್ಚಿಕೊಂಡಿತು. ಕೀಲಿಕೈ ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದು, ಅವನು ಎದ್ದು ಬರುವವರೆಗೂ ಡ್ರೈವರು ನಿಂತೇ ಇದ್ದ.